ಫೋನಿನೊಳಗೊಂದು ಮಂಡಿಪೇಟೆ ಕಿರ್ದಿ

ಒಂದು ಲೆಕ್ಕ ಹಾಕೋಣ. ಆ್ಯಪ್‌ನಲ್ಲಿ ಆಫರ್ ಬಿದ್ದಿದೆ ಅಂತ ಹತ್ತು ಸೀರೆ ತರಿಸಿದಿರಿ. ಒಂದಕ್ಕೆ 405 ರೂಪಾಯಿ, ಒಟ್ಟು 4,050. ವಾಟ್ಸ್‌ಆ್ಯಪ್ ಗ್ರೂಪಿಗೆ ಫೋಟೊ ಹಾಕಿ, ಒಂದಕ್ಕೆ 550 ಎಂದಿರಿ. ಎಂಟು ಸೀರೆ ಹೋದವು. ಸೀರೆಗೆ 145ರಂತೆ 1,160 ರೂಪಾಯಿ ಉಳಿಯಿತು ಎಂದು ಮನಸ್ಸು ಅಲ್ಲಿಗೇ ಲೆಕ್ಕ ಮುಗಿಸಿತು. ಆದರೆ ಎಂಟರಲ್ಲಿ ಎರಡು ಉದ್ರಿ. ಕೈಗೆ ಬಂದದ್ದು ಆರು ಸೀರೆಯ 3,300 ರೂಪಾಯಿ, ಕೈ ಬಿಟ್ಟದ್ದು 4,050. ಲಾಭವಾಯಿತು ಎಂದುಕೊಂಡವರ ಪರ್ಸಿನಲ್ಲಿ 750 ರೂಪಾಯಿ ಕಮ್ಮಿ. ಮಾರದೆ ಉಳಿದ ಎರಡು ಸೀರೆ ಬೀರುವಿನಲ್ಲಿವೆ. ಅವನ್ನು ಆ್ಯಪ್‌ಗೆ ವಾಪಸ್ ಮಾಡುವ ಗಡುವು ಮೊನ್ನೆಯೇ ಮುಗಿದಿದೆ.

ಇದರಲ್ಲಿ ಯಾರೂ ಮೋಸ ಮಾಡಿಲ್ಲ, ಯಾರೂ ದುಂದು ಮಾಡಿಲ್ಲ. ಕೊಂಡ ದರವೂ ಸರಿಯಿತ್ತು, ಮಾರಿದ ದರವೂ ಸರಿಯಿತ್ತು. ರೊಕ್ಕ ಸಿಕ್ಕಿಕೊಂಡದ್ದು ಕೊಳ್ಳುವುದಕ್ಕೂ ಮಾರುವುದಕ್ಕೂ ನಡುವಿನ ಸಂದಿಯಲ್ಲಿ. ದಾವಣಗೆರೆಯ ಕೆ.ಟಿ.ಜೆ. ನಗರ, ನಿಟುವಳ್ಳಿ, ವಿನೋಬನಗರದಲ್ಲಾಗಲಿ, ಹದಿನಾಲ್ಕು ಕಿಲೋಮೀಟರ್ ಆಚೆಯ ಹರಿಹರದಲ್ಲಾಗಲಿ ಮನೆಯ ಮುಂಬಾಗಿಲಲ್ಲೇ ಸೀರೆ, ನೈಟಿ, ಕುರ್ತಿ ಮಾರುವ ಹೆಣ್ಣುಮಕ್ಕಳನ್ನು ‘ವ್ಯಾಪಾರ ಹೆಂಗೈತಿ?’ ಅಂತ ಕೇಳಿ ನೋಡಿ. ‘ಚಲೋ ನಡದೈತಿ, ಆದ್ರ ಕೈಯಾಗ ನಿಲ್ಲಲ್ಲ’ ಎಂಬ ಉತ್ತರ ಬಂದರೆ ಅವರು ಹೇಳುತ್ತಿರುವುದು ಆ ಸಂದಿಯ ಕಥೆಯನ್ನೇ. ಆನ್‌ಲೈನ್‌ನಲ್ಲಿ ಕೊಂಡು ಮರುಮಾರಾಟ ಮಾಡುವವರಿಗೆ ಒಂದು ಸ್ಪ್ರೆಡ್‌ಶೀಟ್ ಬೇಕು ಎಂದು ನಾನು ವಾದಿಸುವುದು ಲಾಭ ಎಣಿಸಲಿಕ್ಕಲ್ಲ. ಲಾಭವನ್ನು ಬೆರಳಲ್ಲೂ ಎಣಿಸಬಹುದು. ಯಾವ ಸರಕು ಈಗ ಎಲ್ಲಿದೆ, ಅದರಲ್ಲಿ ಯಾರ ರೊಕ್ಕ ಸಿಕ್ಕಿಕೊಂಡಿದೆ ಎಂದು ಹೇಳುವುದು ಮಾತ್ರ ಬೆರಳಿಗೆ ಸಾಧ್ಯವಿಲ್ಲ.

ಜವಳಿ ಈ ಊರಿಗೆ ಹೊಸದಲ್ಲ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲವೊಂದಿತ್ತು. ಹತ್ತಿ ಗಿರಣಿಗಳ ಸೈರನ್ ನಿಂತಿತು, ಚೌಕಿಪೇಟೆ ಮಂಡಿಪೇಟೆಗಳ ವ್ಯಾಪಾರ ಮಾತ್ರ ನಿಲ್ಲಲಿಲ್ಲ. ಹರಿಹರದ ಬದಿಗೆ ಬಂದರೆ, ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದಲ್ಲಿ ಪಾಲಿಫೈಬರ್ಸ್ ಕಾರ್ಖಾನೆ 1972ರಿಂದಲೂ ಮರದ ತಿರುಳು ತಯಾರಿಸುತ್ತಿದೆ. ಅದರ ಪಕ್ಕದ ಗ್ರಾಸಿಲೀನ್ ಘಟಕದಲ್ಲಿ ಆ ತಿರುಳು ವಿಸ್ಕೋಸ್ ನಾರಾಗುತ್ತದೆ. ಆ್ಯಪ್‌ಗಳಲ್ಲಿ ‘ರೇಯಾನ್ ಕುರ್ತಿ’ ಎಂದು 300-400 ರೂಪಾಯಿಗೆ ಓಡುವ ಮಾಲು ಆ ಜಾತಿಯ ನಾರಿನದೇ. ಇಲ್ಲಿ ಹುಟ್ಟಿದ ನಾರು ಉತ್ತರದ ಯಾವುದೋ ಊರಿನಲ್ಲಿ ಬಟ್ಟೆಯಾಗಿ, ಪ್ಲಾಸ್ಟಿಕ್ ಕವರಿನಲ್ಲಿ ತವರಿಗೆ ಮರಳಿದರೂ ಆಶ್ಚರ್ಯವಿಲ್ಲ.

ಮನೆಯಿಂದಲೇ ಮಾರುವ ಈ ದಂಧೆಗೆ ಒಂದು ಅಚ್ಚು ಕೊಟ್ಟದ್ದು ಬೆಂಗಳೂರು. ದೆಹಲಿ ಐಐಟಿಯಲ್ಲಿ ಓದಿದ ವಿದಿತ್ ಆತ್ರೆ ಮತ್ತು ಸಂಜೀವ್ ಬರ್ನವಾಲ್ 2015ರಲ್ಲಿ ಅಲ್ಲಿ ಕಟ್ಟಿದ ಮೀಶೊ, ಆ್ಯಪ್‌ನ ಫೋಟೊವನ್ನು ವಾಟ್ಸ್‌ಆ್ಯಪ್‌ಗೆ ಹಾಕಿ, ದರದ ಮೇಲೆ ನಿಮ್ಮ ಮಾರ್ಜಿನ್ ಸೇರಿಸಿ ಆರ್ಡರ್ ಹಾಕಿ ಎಂದಿತು. ಸರಕು ನೇರ ಗಿರಾಕಿಯ ಮನೆಗೆ, ಮಾರ್ಜಿನ್ ನಿಮ್ಮ ಬ್ಯಾಂಕಿಗೆ. 2019ರಲ್ಲಿ ಫೇಸ್‌ಬುಕ್ ಅದರಲ್ಲಿ ಹಣ ಹೂಡಿತು. ಭಾರತದ ಸ್ಟಾರ್ಟ್‌ಅಪ್ ಒಂದಕ್ಕೆ ಫೇಸ್‌ಬುಕ್ ಹಾಕಿದ ಮೊದಲ ಬಂಡವಾಳ ಅದು. ಇದೇ ಬಗೆಯ ಗ್ಲೋರೋಡ್ ಅನ್ನು 2022ರಲ್ಲಿ ಅಮೆಜಾನ್ ಕೊಂಡಿತು. ಈ ನಡುವೆ ಇಂಥ ಆ್ಯಪ್‌ಗಳು ಗಿರಾಕಿಯ ಫೋನಿಗೇ ನೇರವಾಗಿ ಇಳಿದವು. ಪಕ್ಕದ ಮನೆಯಾಕೆ ತಾನೇ ಅದೇ ಸೀರೆಯನ್ನು ಅದೇ ದರಕ್ಕೆ ನೋಡುವಾಗ ಬರೀ ಫೋಟೊ ಕಳಿಸಿ ಮಾರ್ಜಿನ್ ಗಳಿಸುವುದು ಕಷ್ಟವಾಯಿತು. ಹಾಗಾಗಿ ಈ ದಂಧೆಯಲ್ಲಿ ಗಟ್ಟಿಯಾಗಿ ನಿಲ್ಲುವವರು ಸರಕನ್ನು ಮನೆಗೆ ತರಿಸಿ, ಕಣ್ಣಿಗೆ ಕಾಣುವಂತೆ ಇಟ್ಟು, ಮುಟ್ಟಿ ನೋಡಲು ಬಿಟ್ಟು, ಉದ್ರಿ ಕೊಟ್ಟು ಮಾರುವವರು. ಆ್ಯಪ್ ಕೊಡಲಾರದ್ದು ಅದೊಂದೇ: ‘ಮುಂದಿನ ತಿಂಗಳು ಕೊಡ್ತೀನಿ ಬಿಡಕ್ಕ’ ಎಂಬ ಮಾತಿಗೆ ಹೂಂ ಅನ್ನುವುದು. ಲೆಕ್ಕ ಜಟಿಲವಾಗುವುದೂ ಅಲ್ಲೇ.

ಕಿರ್ದಿ ಇದೆ, ಖಾತೆ ಇಲ್ಲ

ಮಂಡಿಪೇಟೆಯ ದಲಾಲಿ ಅಂಗಡಿಗಳ ಹಳೆಯ ಗುಮಾಸ್ತರಿಗೆ ಈ ಜಟಿಲತೆ ಹೊಸದಾಗಿ ಕಾಣಲಾರದು. ಅವರ ಕಾಲದಲ್ಲಿ ಪುಸ್ತಕಗಳು ಎರಡು. ದಿನದ ವ್ಯವಹಾರವೆಲ್ಲ ನಡೆದ ಕ್ರಮದಲ್ಲೇ ಕಿರ್ದಿಗೆ ಬೀಳುತ್ತಿತ್ತು: ಇವರಿಂದ ಇಷ್ಟು ಜಮಾ, ಅವರಿಗೆ ಇಷ್ಟು ಖರ್ಚು, ಸಂಜೆಗೆ ಇಷ್ಟು ಶಿಲ್ಕು. ಆಮೇಲೆ ಕಿರ್ದಿಯ ಒಂದೊಂದು ಸಾಲನ್ನೂ ಎತ್ತಿ ಆಯಾ ಆಸಾಮಿಯ ಪುಟಕ್ಕೆ ಸೇರಿಸಬೇಕು, ಅದು ಖತಾವಣಿ. ಕಿರ್ದಿ ನೋಡಿದರೆ ದಿನ ತಿಳಿಯುತ್ತದೆ, ಖಾತೆ ನೋಡಿದರೆ ಮನುಷ್ಯ ತಿಳಿಯುತ್ತಾನೆ. ಎರಡೂ ತಾಳೆಯಾಗದಿದ್ದರೆ ಗುಮಾಸ್ತ ಮನೆಗೆ ಹೋಗುವಂತಿರಲಿಲ್ಲ.

ಇವತ್ತಿನ ಮರುಮಾರಾಟಗಾರರ ಬಳಿ ಕಿರ್ದಿಗಳು ಬೇಕಾದಷ್ಟಿವೆ. ವಾಟ್ಸ್‌ಆ್ಯಪ್ ಚಾಟ್ ಒಂದು ಕಿರ್ದಿ, ಫೋನ್‌ಪೇ ಹಿಸ್ಟರಿ ಇನ್ನೊಂದು, ಆ್ಯಪ್‌ನ ‘ಮೈ ಆರ್ಡರ್ಸ್’ ಮತ್ತೊಂದು, ಮಗಳ ಹಳೇ ನೋಟ್‌ಬುಕ್ಕಿನ ಹಿಂದಿನ ಪುಟ ನಾಲ್ಕನೆಯದು. ಎಲ್ಲವೂ ತಾರೀಖಿನ ಪ್ರಕಾರ ಬರೆದವು. ಖಾತೆ ಮಾತ್ರ ಎಲ್ಲೂ ಇಲ್ಲ. ಜಯದೇವ ಸರ್ಕಲ್ ಹತ್ತಿರದ ಟೀಚರಮ್ಮ ಒಟ್ಟು ಎಷ್ಟು ಕೊಡಬೇಕು ಎಂದರೆ ನಾಲ್ಕು ಕಡೆ ಬೆರಳಾಡಿಸಬೇಕು, ಅಷ್ಟರಲ್ಲಿ ಮುಜುಗರವಾಗಿ ‘ಇರಲಿ ಬಿಡ್ರಿ, ಆಮೇಲೆ ಹೇಳ್ತೀನಿ’ ಅನ್ನಬೇಕು.

1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಆ್ಯಪಲ್ ಕಂಪ್ಯೂಟರಿಗಾಗಿ ವಿಸಿಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟ್ ತಂದಾಗ ನಿಜವಾಗಿ ರದ್ದಾದದ್ದು ಈ ಖತಾವಣಿಯ ಕೂಲಿಯೇ. ಹಾಳೆಯ ಒಂದು ಮನೆಯ (ಸೆಲ್) ಅಂಕಿ ಬದಲಿಸಿದರೆ ಅದನ್ನು ಅವಲಂಬಿಸಿದ ಮನೆಗಳೆಲ್ಲ ತಾವಾಗಿಯೇ ಬದಲಾದವು. ಅದರ ವಂಶದ ಎಕ್ಸೆಲ್ 1985ರಲ್ಲಿ ಬಂತು, ಗೂಗಲ್‌ನದು 2006ರಲ್ಲಿ. ಈಗ ಅದು ಫೋನಿನಲ್ಲೇ, ಪುಕ್ಕಟೆ. ಕಿರ್ದಿಯನ್ನು ಸರಿಯಾಗಿ ಬರೆದರೆ ಸಾಕು, ಖಾತೆ ತಾನೇ ಏಳುತ್ತದೆ. ಆ ‘ಸರಿಯಾಗಿ’ ಎಂಬುದರಲ್ಲೇ ಎಲ್ಲ ಇದೆ.

ಸಾಲು ಎಂದರೆ ಒಂದು ಸೀರೆ

ಮೊದಲ ತಪ್ಪು ಸಾಲಿನಲ್ಲೇ ಆಗುತ್ತದೆ. ಆರ್ಡರ್‌ಗೊಂದು ಸಾಲು ಎಂದು ಬರೆಯಲು ಹೊರಡುತ್ತಾರೆ, ಏಕೆಂದರೆ ಆ್ಯಪ್ ಹಾಗೆ ತೋರಿಸುತ್ತದೆ. ಆದರೆ ಮಾರುವುದು ಆರ್ಡರನ್ನಲ್ಲ, ಸೀರೆಯನ್ನು. ಒಂದು ಆರ್ಡರಿನಲ್ಲಿ 600, 450, 450 ರೂಪಾಯಿಯ ಮೂರು ಸೀರೆ ಇವೆ, ಒಟ್ಟು 1,500. ಕೂಪನ್ ಹಾಕಿ 150 ಕಡಿಮೆಯಾಯಿತು. ಇಡೀ ಆರ್ಡರಿಗೆ ಒಂದು ಸಾಲು ಬರೆದು 1,350 ಎಂದಿಟ್ಟರೆ, ನಾಳೆ ಒಂದು ಮಾರಿ, ಒಂದು ವಾಪಸ್ ಕಳಿಸಿ, ಒಂದು ಬೀರುವಿಗೆ ಸೇರಿದಾಗ ಆ ಸಾಲನ್ನು ಏನು ಮಾಡುತ್ತೀರಿ? ಆದ್ದರಿಂದ ಪ್ರತಿ ನಗಕ್ಕೂ (ಪೀಸಿಗೂ) ಒಂದೊಂದು ಸಾಲು, ಆರ್ಡರ್ ನಂಬರ್ ಮೂರರಲ್ಲೂ ಅದೇ. ಕೂಪನ್ನಿನ ಪಾಲನ್ನು ಬೆಲೆಯ ಅನುಪಾತದಲ್ಲಿ ಹಂಚಬೇಕು: 540, 405, 405. ವಾಪಸ್ ಮಾಡಿದ 600ರ ಸೀರೆಗೆ 540 ಮಾತ್ರ ಯಾಕೆ ಬಂತು ಎಂಬ ಗೊಂದಲ ಆಗ ಹುಟ್ಟುವುದೇ ಇಲ್ಲ.

ಪ್ರತಿ ನಗಕ್ಕೆ ನಿಮ್ಮದೇ ಒಂದು ನಂಬರ್ ಕೊಡಿ, ಅದನ್ನು ಚೀಟಿಯಲ್ಲಿ ಬರೆದು ಕವರಿಗೆ ಅಂಟಿಸಿ. ಹಳೆಯ ಜವಳಿ ಅಂಗಡಿಗಳಲ್ಲಿ ಕೊಂಡ ಬೆಲೆಯನ್ನು ಗುಪ್ತಾಕ್ಷರದಲ್ಲಿ ಚೀಟಿಗೆ ಬರೆಯುವ ರೂಢಿಯಿತ್ತು. ಗಿರಾಕಿ ಚೌಕಾಸಿಗೆ ಇಳಿದಾಗ ಮಾಲೀಕ ಚೀಟಿ ತಿರುಗಿಸಿ, ಎಲ್ಲಿಯವರೆಗೆ ಇಳಿಯಬಹುದು ಎಂದು ಒಂದೇ ನೋಟದಲ್ಲಿ ತಿಳಿಯುತ್ತಿದ್ದ. ನಿಮ್ಮ ನಗದ ನಂಬರ್ ಈಗ ಅದೇ ಕೆಲಸ ಮಾಡುತ್ತದೆ, ಗುಟ್ಟು ಫೋನಿನಲ್ಲಿರುತ್ತದೆ ಅಷ್ಟೆ. ಇಳಿಯುವ ಮಿತಿಯಂತೆ ಏರುವ ಮಿತಿಯೂ ಒಂದಿದೆ. ಎಂಆರ್‌ಪಿ ಮುದ್ರಿಸಿದ ಪ್ಯಾಕೆಟ್ ಸರಕನ್ನು ಅದಕ್ಕಿಂತ ಹೆಚ್ಚಿಗೆ ಮಾರುವುದು ಕಾನೂನುಬಾಹಿರ. ಮಿಕ್ಸಿ, ಕುಕ್ಕರ್, ಸೌಂದರ್ಯವರ್ಧಕ ತರಿಸುವವರು ಎಂಆರ್‌ಪಿಗೂ ಒಂದು ಕಾಲಂ ಇಟ್ಟುಕೊಳ್ಳುವುದು ಒಳ್ಳೆಯದು.

ಕಾಲಂಗಳು ಹೆಚ್ಚಾದಷ್ಟೂ ತುಂಬುವ ಉತ್ಸಾಹ ಬೇಗ ಇಂಗುತ್ತದೆ. ಬೇಕಾದದ್ದು ಇಷ್ಟು: ನಗದ ನಂಬರ್, ಆರ್ಡರ್ ತಾರೀಖು, ಯಾವ ಆ್ಯಪ್, ಆರ್ಡರ್ ನಂಬರ್, ವಸ್ತುವಿನ ವಿವರ, ಕೂಪನ್ ಕಳೆದು ಬಿದ್ದ ದರ, ಸ್ಥಿತಿ, ಕೈಗೆ ಬಂದ ತಾರೀಖು, ವಾಪಸ್ ಮಾಡುವ ಕೊನೇ ದಿನ, ಗಿರಾಕಿಯ ಫೋನ್ ನಂಬರ್, ಮಾರಿದ ದರ, ವಾಪಸ್ ಹೋದ ತಾರೀಖು, ರಿಫಂಡ್ ಬಂದ ತಾರೀಖು. ಮನೆಯಲ್ಲಿ ಗಂಡನ ಫೋನಿನಿಂದಲೂ ತಂಗಿಯ ಫೋನಿನಿಂದಲೂ ಆರ್ಡರ್ ಹಾಕುವ ಅಭ್ಯಾಸವಿದ್ದರೆ, ಯಾವ ಫೋನಿನ ಲಾಗಿನ್ ಎಂಬುದು ಇನ್ನೊಂದು. ಅದನ್ನು ಬರೆಯದವರು ವಾಪಸ್ ಮಾಡುವ ದಿನ ಮೂರು ಫೋನಿನಲ್ಲೂ ಆರ್ಡರ್ ಹುಡುಕುತ್ತಾರೆ.

ಇವುಗಳಲ್ಲಿ ‘ಸ್ಥಿತಿ’ ಎಂಬ ಕಾಲಮ್ಮೇ ಈ ಹಾಳೆಯ ಜೀವ. ನಮ್ಮ ಭಾಷೆಯಲ್ಲಿ ಒಂದು ಪಾರ್ಸೆಲ್ ‘ಬಂತು’, ‘ಬಂದಿದೆ’, ‘ಬಂದಾಯ್ತು’, ‘ಬಂದೈತಿ’. ಓದುವ ನಮಗೆ ನಾಲ್ಕೂ ಒಂದೇ, ಎಣಿಸುವ ಯಂತ್ರಕ್ಕೆ ನಾಲ್ಕೂ ಬೇರೆ. ಆದ್ದರಿಂದ ಇಲ್ಲಿ ಕೈಯಿಂದ ಬರೆಯಲು ಬಿಡಬಾರದು. ಡೇಟಾ ವ್ಯಾಲಿಡೇಶನ್ ಎಂಬ ಸೌಲಭ್ಯದಿಂದ ಒಂದು ಇಳಿಪಟ್ಟಿ ಮಾಡಿ, ಅದರಿಂದಲೇ ಆರಿಸುವಂತೆ ಕಟ್ಟಬೇಕು: ದಾರಿಯಲ್ಲಿದೆ, ಮನೆಯಲ್ಲಿದೆ, ಮಾರಿದೆ, ವಾಪಸ್ ಹೋಗಿದೆ, ರಿಫಂಡ್ ಬಂದಿದೆ, ರದ್ದು. ಆರೇ ಆರು. ‘ವಾಪಸ್ ಹೋಗಿದೆ’ ಮತ್ತು ‘ರಿಫಂಡ್ ಬಂದಿದೆ’ ಇವೆರಡನ್ನು ಎಂದಿಗೂ ಒಂದು ಮಾಡಬೇಡಿ. ಕೊರಿಯರ್ ಹುಡುಗ ಪಾರ್ಸೆಲ್ ಎತ್ತಿಕೊಂಡು ಹೋದ ಕೂಡಲೇ ನಮ್ಮ ತಲೆ ಆ ವಿಷಯವನ್ನು ಮುಗಿಸಿಬಿಡುತ್ತದೆ. ಬರದೇ ಉಳಿದ ರಿಫಂಡುಗಳು ಸತ್ತುಹೋಗುವುದು ಈ ಮರೆವಿನಲ್ಲೇ. ವಾಪಸ್ ಹೋಗಿ ಹತ್ತು ದಿನವಾದರೂ ರಿಫಂಡ್ ತಾರೀಖಿನ ಮನೆ ಖಾಲಿಯಿದ್ದರೆ ಸಾಲು ಹಳದಿಯಾಗಲಿ. ವಾಪಸ್ ಗಡುವಿಗೆ ಎರಡು ದಿನ ಉಳಿದಾಗ ಕೆಂಪಾಗಲಿ. ಕಂಡೀಶನಲ್ ಫಾರ್ಮ್ಯಾಟಿಂಗ್ ಎಂಬ ಹೆಸರಿನಲ್ಲಿ ಈ ಬಣ್ಣದ ಕಾವಲುಗಾರ ಹಾಳೆಯಲ್ಲೇ ಕೂತಿದ್ದಾನೆ. ಬೀರುವಿನಲ್ಲಿ ಉಳಿದುಹೋದ ಆ ಎರಡು ಸೀರೆಯ 810 ರೂಪಾಯಿಯನ್ನು ಅವನು ಉಳಿಸಿಕೊಡುತ್ತಿದ್ದ.

ದರದ ಬಗ್ಗೆಯೂ ಒಂದು ಮಾತು. ಸ್ವಲ್ಪ ಕೈ ಪಳಗಿದವರು ಬೇರೆ ಹಾಳೆಯಲ್ಲಿ ದರಪಟ್ಟಿ ಮಾಡಿ, ವಿಲುಕಪ್ ಸೂತ್ರದಿಂದ ಅಲ್ಲಿಂದ ದರ ಎಳೆಯುವ ಜಾಣತನ ತೋರುತ್ತಾರೆ. ಮಾಡಬೇಡಿ. 2025ರ ಸೆಪ್ಟೆಂಬರ್ 22ರಂದು ಸಿದ್ಧ ಉಡುಪಿನ ಜಿಎಸ್‌ಟಿ ಬದಲಾಗಿ, ಸಾವಿರದಿಂದ ಎರಡೂವರೆ ಸಾವಿರದೊಳಗಿನ ಉಡುಪಿನ ಮೇಲಿದ್ದ ಶೇ 12 ಒಂದೇ ರಾತ್ರಿಗೆ ಶೇ 5ಕ್ಕೆ ಇಳಿಯಿತು. ದರಪಟ್ಟಿ ತಿದ್ದಿದರೆ ಆಗಸ್ಟ್‌ನಲ್ಲಿ ಕೊಂಡ ಮಾಲಿನ ಬೆಲೆಯೂ ಹಿಂದಕ್ಕೆ ಹೋಗಿ ತಿದ್ದುಪಡಿಯಾಗುತ್ತದೆ. ಕಿರ್ದಿಯಲ್ಲಿ ಬರೆದದ್ದು ಬರೆದದ್ದೇ. ಅಂದಿನ ದರ ಅಂದಿನದೇ.

ರೊಕ್ಕಕ್ಕೆ ಬೇರೆ ಕಿರ್ದಿ

ಬಂದ ಹಣವನ್ನು ಸರಕಿನ ಸಾಲಿನಲ್ಲೇ ಬರೆಯಲು ಹೋಗುವುದು ಎರಡನೇ ತಪ್ಪು. ಉದ್ರಿ ತೀರಿಸುವವರು ಸೀರೆಗೆ ಸರಿಯಾಗಿ ತೀರಿಸುವುದಿಲ್ಲ. ಎರಡು ಸೀರೆ, ಒಂದು ನೈಟಿ ಒಯ್ದಾಕೆ ಸಂಬಳದ ದಿನ 500 ಹಾಕುತ್ತಾಳೆ, ಚೀಟಿ ಎತ್ತಿದ ತಿಂಗಳು 300 ಕೊಡುತ್ತಾಳೆ, ಉಳಿದದ್ದಕ್ಕೆ ‘ಹಬ್ಬ ಆಗ್ಲಿ’ ಎನ್ನುತ್ತಾಳೆ. ಆ 500 ಯಾವ ಸೀರೆಯದು? ಅವಳಿಗೂ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಹಾಗಾಗಿ ಹಣಕ್ಕೇ ಒಂದು ಹಾಳೆ: ತಾರೀಖು, ಫೋನ್ ನಂಬರ್, ಮೊತ್ತ, ನಗದೋ ಯುಪಿಐಯೋ, ಯುಪಿಐ ಆದರೆ ಅದರ 12 ಅಂಕಿಯ ಉಲ್ಲೇಖ ಸಂಖ್ಯೆ. ಇಷ್ಟೇ.

ಮೂರನೇ ಹಾಳೆ ಖಾತೆಯದು. ಅದರಲ್ಲಿ ಗಿರಾಕಿಗಳ ಫೋನ್ ನಂಬರಿನ ಪಟ್ಟಿ ಮಾತ್ರ ನೀವು ಬರೆಯುತ್ತೀರಿ. ಪಕ್ಕದ ಮನೆಯಲ್ಲಿ ಸಮ್‌ಇಫ್ ಸೂತ್ರ ಸರಕಿನ ಹಾಳೆಗೆ ಹೋಗಿ ಆ ನಂಬರಿಗೆ ಮಾರಿದ ಒಟ್ಟು ದರ ಕೂಡಿಸಿ ತರುತ್ತದೆ, ಅದರ ಪಕ್ಕದಲ್ಲಿ ಇನ್ನೊಂದು ಸಮ್‌ಇಫ್ ಹಣದ ಹಾಳೆಯಿಂದ ಆ ನಂಬರಿನ ಜಮಾ ಕೂಡಿಸಿ ತರುತ್ತದೆ, ಮೂರನೆಯದು ಕಳೆಯುತ್ತದೆ. ಬಂದದ್ದು ಬಾಕಿ. ಗುಮಾಸ್ತರ ಇಡೀ ಸಂಜೆಯ ಖತಾವಣಿ ಈ ಮೂರು ಮನೆಗಳಲ್ಲಿ ಮುಗಿಯಿತು. ಟೀಚರಮ್ಮನಿಗೆ ಬಾಗಿಲಲ್ಲಿ ನಿಂತೇ ಉತ್ತರ ಹೇಳಬಹುದು.

ಹೆಸರು ಬಿಟ್ಟು ಫೋನ್ ನಂಬರನ್ನೇ ಯಾಕೆ ಹಿಡಿಯಬೇಕೆಂದರೆ, ನಮ್ಮ ಹೆಸರುಗಳು ಬರವಣಿಗೆಯಲ್ಲಿ ಒಂದೆಡೆ ನಿಲ್ಲುವುದಿಲ್ಲ. ‘ಶಿಲ್ಪ’ ಒಂದು ದಿನ ‘ಶಿಲ್ಪಾ’ ಆಗುತ್ತಾಳೆ, ಮರುದಿನ ‘ಶಿಲ್ಪಕ್ಕ ಹರಿಹರ’. ಕೆಲವರು ಕಂಪ್ಯೂಟರ್ ಸೆಂಟರಿನಲ್ಲಿ ಕಲಿತ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿ, ಫೋನಿನಲ್ಲಿ ತೆರೆದಾಗ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗುಂಪಾಗಿ ಕಾಣುವುದೂ ಉಂಟು. ಯೂನಿಕೋಡ್ ಕನ್ನಡದಲ್ಲಿ ಬರೆಯಿರಿ, ಹೆಸರನ್ನು ಓದಲಿಕ್ಕೆ ಇಟ್ಟುಕೊಳ್ಳಿ, ಲೆಕ್ಕ ಮಾತ್ರ ನಂಬರಿನ ಮೇಲೆ ನಿಲ್ಲಲಿ.

ಅಂಕಿಗಳಿಗೂ ಅವುಗಳದೇ ಕಾಟವಿದೆ. ಫ್ಲಿಪ್‌ಕಾರ್ಟ್‌ನ ಆರ್ಡರ್ ನಂಬರಿನ ಮುಂದೆ ‘ಓಡಿ’ ಎಂಬ ಎರಡು ಅಕ್ಷರ ಇರುವುದರಿಂದ ಅದು ಬಚಾವು. ಅಮೆಜಾನ್ ನಂಬರಿನಲ್ಲಿ ನಡುವೆ ಅಡ್ಡಗೆರೆಗಳಿವೆ. ಆದರೆ ಬರೀ ಅಂಕಿಗಳ ಉದ್ದನೆಯ ನಂಬರನ್ನು ತಂದು ಅಂಟಿಸಿದರೆ ಹಾಳೆ ಅದನ್ನು ದೊಡ್ಡ ಮೊತ್ತವೆಂದು ತಿಳಿದು, 15 ಅಂಕಿಗಳ ಆಚೆಗಿನದನ್ನೆಲ್ಲ ಸೊನ್ನೆ ಮಾಡಿಬಿಡುತ್ತದೆ. ಸೊನ್ನೆಯಾದ ಮೇಲೆ ಮೂಲ ನಂಬರ್ ಮರಳಿ ಬಾರದು. ಅಂಟಿಸುವ ಮುಂಚೆಯೇ ಆ ಕಾಲಮನ್ನು ‘ಪ್ಲೇನ್ ಟೆಕ್ಸ್ಟ್’ ಮಾಡಿಟ್ಟಿರಬೇಕು. ಫೋನ್ ನಂಬರಿಗೂ ಹಾಗೆಯೇ, +91 ಬಿಟ್ಟು ಹತ್ತೇ ಅಂಕಿ. ಸೆಟ್ಟಿಂಗ್ಸ್‌ನಲ್ಲಿ ದೇಶ ಭಾರತವೇ ಇದೆಯೇ ನೋಡಿಕೊಳ್ಳಿ. ಅಮೆರಿಕ ಇದ್ದರೆ 03/04 ಎಂಬುದು ಏಪ್ರಿಲ್ 3ರ ಬದಲು ಮಾರ್ಚ್ 4 ಆಗಿ, ವಾಪಸ್ ಗಡುವಿನ ಬಣ್ಣಗಳೆಲ್ಲ ಸುಳ್ಳು ಹೇಳತೊಡಗುತ್ತವೆ.

ಚಿಕ್ಕ ಫೋನಿನಲ್ಲಿ ಅಡ್ಡಡ್ಡ ಸರಿಸುತ್ತಾ ತುಂಬುವುದು ಬೇಸರದ ಕೆಲಸ. ಗೂಗಲ್ ಫಾರ್ಮ್ ಒಂದನ್ನು ಕನ್ನಡದಲ್ಲೇ ಮಾಡಿ ಹಾಳೆಗೆ ಜೋಡಿಸಿಕೊಂಡರೆ, ಹಣ ಬಂದ ಕೂಡಲೇ ಮೂರ್ನಾಲ್ಕು ಪ್ರಶ್ನೆಗೆ ಉತ್ತರ ಒತ್ತಿದರೆ ಸಾಲು ತಾನಾಗಿ ಸೇರುತ್ತದೆ, ಹೊತ್ತು ಗಳಿಗೆಯ ಸಮೇತ. ಹಾಳೆಯ ಎದುರು ಕೂರುವುದು ವಾರಕ್ಕೊಮ್ಮೆ ಸಾಕು.

ಹೀಗೆ ಆರು ತಿಂಗಳು ಬರೆದ ಮೇಲೆ ಹಾಳೆ ನೀವು ಕೇಳದ ವಿಷಯಗಳನ್ನೂ ಹೇಳುತ್ತದೆ. ಯಾವ ಆ್ಯಪ್‌ನ ಸರಕು ಹೆಚ್ಚು ವಾಪಸ್ ಹೋಗುತ್ತದೆ, ಯಾವ ದರದ ಸೀರೆ ಬೀರುವಿನಲ್ಲಿ ಕೊಳೆಯುತ್ತದೆ, ಯಾರ ಉದ್ರಿ ನಿಜಕ್ಕೂ ಉದ್ರಿ, ಯಾರದು ದಾನ. ದಾವಣಗೆರೆಯಲ್ಲಿ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ; ಆ ವರ್ಷ ಮನೆಮನೆಗೂ ನೆಂಟರು, ಮನೆಮಂದಿಗೆಲ್ಲ ಹೊಸ ಬಟ್ಟೆ. ಶ್ರಾವಣದ ವರಮಹಾಲಕ್ಷ್ಮಿಯ ಸೀರೆಯೇ ಬೇರೆ, ಮದುವೆ ಸುಗ್ಗಿಯ ಸೀರೆಯೇ ಬೇರೆ. ಕಳೆದ ಜಾತ್ರೆಯಲ್ಲಿ ಏನು ಎಷ್ಟಕ್ಕೆ ಹೋಯಿತೆಂದು ಬರೆದಿಟ್ಟವರು ಮುಂದಿನ ಜಾತ್ರೆಗೆ ಊಹೆಯ ಮೇಲೆ ಮಾಲು ತರಿಸಬೇಕಾಗಿಲ್ಲ.

ನೋಟಿಸಿಗೆ ಉತ್ತರ

‘ನಮ್ಮದೇನು ಮಹಾ ವ್ಯಾಪಾರ, ಲೆಕ್ಕ ಕೇಳೋರು ಯಾರು?’ ಎಂಬ ಮಾತಿಗೆ 2025ರ ಜುಲೈ ಉತ್ತರ ಕೊಟ್ಟಿತು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮಾಗಳನ್ನು ಆಧರಿಸಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಹರಿಹರದ ಸೇತುವೆ ದಾಟಿದರೆ ಸಿಗುವ ಹಾವೇರಿ ಜಿಲ್ಲೆಯಲ್ಲೇ, ನಾಲ್ಕು ವರ್ಷದಲ್ಲಿ ಯುಪಿಐ ಮೂಲಕ 1.63 ಕೋಟಿ ಪಡೆದಿದ್ದ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ರೂಪಾಯಿಯ ನೋಟಿಸ್ ಬಂದದ್ದು ಸುದ್ದಿಯಾಯಿತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ಬೆಂಗಳೂರಿನ ಅಂಗಡಿಗಳಲ್ಲಿ ‘ನೋ ಯುಪಿಐ’ ಬೋರ್ಡುಗಳು ಎದ್ದವು. ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದು ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದ ಮೇಲೆ ಬಿಸಿ ಆರಿತು.

ಸರಕಿನ ವ್ಯಾಪಾರಕ್ಕೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು. ಮನೆಯಲ್ಲಿ ಸೀರೆ ಮಾರುವವರು ಅದರ ಹತ್ತಿರಕ್ಕೂ ಹೋಗಲಿಕ್ಕಿಲ್ಲ. ಆದರೆ ಅವರ ಒಂದೇ ಬ್ಯಾಂಕ್ ಖಾತೆಗೆ ಸೀರೆಯ ರೊಕ್ಕ, ಚೀಟಿಯ ರೊಕ್ಕ, ಗಂಡ ಕಳಿಸಿದ ಮನೆಖರ್ಚು, ತಮ್ಮ ಕೊಟ್ಟ ಕೈಗಡ ಎಲ್ಲವೂ ಬೀಳುತ್ತದೆ. ಹೊರಗಿನಿಂದ ನೋಡುವವರಿಗೆ ಅಷ್ಟೂ ವ್ಯಾಪಾರವೇ. ವ್ಯಾಪಾರಕ್ಕೆ ಬೇರೆ ಖಾತೆ ಇಡುವುದು ಮೊದಲ ಕೆಲಸ. ಹಣದ ಹಾಳೆಯಲ್ಲಿ ಪ್ರತಿ ಜಮಾಕ್ಕೂ ಒಂದು ಸಾಲು ಇರುವುದು ಎರಡನೆಯದು. ಆಗ ನೋಟಿಸ್ ಬಂದರೂ ಕೈಯಲ್ಲಿ ಉತ್ತರವಿರುತ್ತದೆ.

ಗಮನಿಸಬೇಕಾದ ಇನ್ನೊಂದು ಗೆರೆ ರಾಜ್ಯದ ಗಡಿ. ತೆರಿಗೆ ಇರುವ ಸರಕನ್ನು ಹೊರರಾಜ್ಯದ ಗಿರಾಕಿಗೆ ಮಾರಿದರೆ, ಕರಕುಶಲ ವಸ್ತುಗಳಂಥ ಕೆಲವನ್ನು ಬಿಟ್ಟು, 40 ಲಕ್ಷದ ವಿನಾಯಿತಿ ಸಿಗುವುದಿಲ್ಲ. ಸೊಲ್ಲಾಪುರದ ಚಿಕ್ಕಮ್ಮನ ಗೆಳತಿಗೆ ಕೊರಿಯರ್ ಮಾಡುವ ಮುಂಚೆ ಇದನ್ನು ನೆನೆಯಬೇಕು. ಗಿರಾಕಿಯ ಪಿನ್‌ಕೋಡಿಗೆ ಒಂದು ಕಾಲಂ ಇಟ್ಟರೆ ಹಾಳೆಯೇ ಎಚ್ಚರಿಸುತ್ತದೆ: 56ರಿಂದ 59ರೊಳಗೆ ಶುರುವಾದರೆ ಕರ್ನಾಟಕ. ಹರಿಹರದ 577601 ನದಿಯಾಚೆಯ ಕುಮಾರಪಟ್ಟಣದಲ್ಲಿ 581123 ಆಗುತ್ತದೆ. ಜಿಲ್ಲೆ ಬದಲಾದರೂ ರಾಜ್ಯ ಅದೇ, ಚಿಂತೆಯಿಲ್ಲ. ಆ್ಯಪ್‌ಗಳಲ್ಲಿ ತಾವೇ ಅಂಗಡಿ ತೆರೆದು ಮಾರಲು ಬಯಸುವ ಸಣ್ಣವರಿಗೂ 2023ರ ಅಕ್ಟೋಬರ್ 1ರಿಂದ ದಾರಿ ತೆರೆದಿದೆ. ಮಿತಿಯೊಳಗಿದ್ದು, ರಾಜ್ಯದೊಳಗೇ ಮಾರುವುದಾದರೆ ಪೂರ್ಣ ಜಿಎಸ್‌ಟಿ ನೋಂದಣಿ ಬೇಡ, ಪೋರ್ಟಲ್‌ನಲ್ಲಿ ಪಾನ್ ಕೊಟ್ಟು ಎನ್‌ರೋಲ್‌ಮೆಂಟ್ ನಂಬರ್ ಪಡೆದರೆ ಸಾಕು.

ಮರುಮಾರಾಟಗಾರರಲ್ಲಿ ಅನೇಕರಿಗೆ ತಿಳಿಯದ ಸಂಗತಿಯೊಂದಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಮರುಮಾರಾಟಕ್ಕಾಗಿ ಸರಕು ಕೊಂಡವರು ‘ಗ್ರಾಹಕ’ರೇ ಅಲ್ಲ. ಹರಿದ ಸೀರೆ ಬಂತು, ರಿಫಂಡ್ ಬರಲಿಲ್ಲ ಎಂದು ಗ್ರಾಹಕರ ಆಯೋಗದ ಮೆಟ್ಟಿಲು ಹತ್ತಿದರೆ ಅಲ್ಲಿ ಮೊದಲ ಪ್ರಶ್ನೆಯೇ ಅದಾಗಬಹುದು. ಉಳಿಯುವುದು ಆ್ಯಪ್‌ನ ಕಸ್ಟಮರ್ ಕೇರ್ ಜತೆಗಿನ ಹಗ್ಗಜಗ್ಗಾಟ ಮಾತ್ರ. ಅಲ್ಲಿ ಗೆಲ್ಲುವುದು ತಾರೀಖು, ನಂಬರ್, ಪಾರ್ಸೆಲ್ ಬಿಚ್ಚುವಾಗಿನ ವಿಡಿಯೊ ಮೂರನ್ನೂ ಒಟ್ಟಿಗೆ ಮುಂದಿಡಬಲ್ಲವರು. ವಿಡಿಯೊದ ಲಿಂಕನ್ನು ಆ ನಗದ ಸಾಲಿನಲ್ಲೇ ಅಂಟಿಸಿಡಿ.

ಈ ಹಾಳೆಯ ಬಗ್ಗೆ ನನಗೆ ಒಂದೇ ಒಂದು ಭಯ. ಅದರಲ್ಲಿ ಹತ್ತಾರು ಹೆಣ್ಣುಮಕ್ಕಳ ಫೋನ್ ನಂಬರ್, ಪಿನ್‌ಕೋಡ್, ಯಾರು ಎಷ್ಟು ಸಾಲ ಇಟ್ಟಿದ್ದಾರೆ ಎಂಬ ವಿವರ ಒಟ್ಟಿಗೆ ಇರುತ್ತದೆ. ತಂಗಿಗೆ ಕಳಿಸುವ ಅವಸರದಲ್ಲಿ ‘ಲಿಂಕ್ ಇರುವ ಯಾರಾದರೂ ನೋಡಬಹುದು’ ಎಂದು ಒತ್ತಿ ಗ್ರೂಪಿಗೆ ಹಾಕಿದರೆ ಮುಗಿಯಿತು. ಹಂಚುವುದಾದರೆ ಒಬ್ಬರ ಇ-ಮೇಲ್‌ಗೆ ಮಾತ್ರ ಹಂಚಿ. ಉದ್ರಿ ಬಾಕಿಯ ಸ್ಕ್ರೀನ್‌ಶಾಟನ್ನು ಗ್ರೂಪಿಗೆ ಹಾಕಿ ವಸೂಲಿ ಮಾಡುವ ಚಟ ಕೆಲವೆಡೆ ಶುರುವಾಗಿದೆ. ಅದು ವ್ಯಾಪಾರವಲ್ಲ, ಮರ್ಯಾದೆ ತೆಗೆಯುವುದು.

ಇನ್ನು ಶುರು ಮಾಡುವವರಿಗೆ. ಹಿಂದಿನ ವರ್ಷದ ಆರ್ಡರುಗಳನ್ನೆಲ್ಲ ಹುಡುಕಿ ತುಂಬಲು ಕೂರಬೇಡಿ, ಮೂರನೇ ದಿನಕ್ಕೆ ಕೈಬಿಡುತ್ತೀರಿ. ಇವತ್ತಿನ ತಾರೀಖು ಹಾಕಿ, ಬೀರುವಿನಲ್ಲಿರುವ ಸರಕು, ಬರಬೇಕಾದ ಉದ್ರಿ, ಬರಬೇಕಾದ ರಿಫಂಡ್ ಇಷ್ಟನ್ನು ಮಾತ್ರ ಏರಿಸಿ. ನಾಳೆಯಿಂದ ಬಂದದ್ದನ್ನು ಬಂದ ಹಾಗೆ ಬರೆಯಿರಿ. ಏಪ್ರಿಲ್ 1ಕ್ಕೆ ಹೊಸ ಹಾಳೆ ತೆರೆಯಿರಿ, ಹಳೆಯದನ್ನು ಅಳಿಸಬೇಡಿ. ನೋಟಿಸುಗಳು ಕೇಳುವುದು ನಾಲ್ಕು ವರ್ಷದ ಹಿಂದಿನ ಲೆಕ್ಕವನ್ನು.